‘ಆಮೇಲೆ’ ಅಂದ್ರ ಇಂಗ್ಲಿಷಿನಾಗ ಯಾವ ಶಬ್ದ? ಆಫ್ಟರ್, ಲೇಟರ್, ನೆಕ್ಸ್ಟ್, ಸಬ್‌ಸೀಕ್ವೆಂಟ್ ಗೊಂದಲ

ಭೀಮಾತೀರ (ಯಾದಗಿರಿ):
ನಮಸ್ಕಾರ್ರಿ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದೋ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡೋರು ಯಾರಾರ ಇದ್ರ ಉತ್ತರ ಬರೀರಿ. ‘ಆಮೇಲೆ’, ‘ನಂತರ’, ‘ಮುಂದಿನ’ ಎಲ್ಲಕ್ಕೂ ಹುಡುಗರು ‘ಆಫ್ಟರ್’ ಇಲ್ಲಾ ‘ನೆಕ್ಸ್ಟ್’ ಹಾಕಿ ಕೈ ತೊಳ್ಕೋತಾರ. ಮೂರು ವಾಕ್ಯ ಕೊಡ್ತೀನಿ:

‘ಐ ವಿಲ್ ಕಮ್ ಆಫ್ಟರ್ ಟೂ ಡೇಸ್.’
‘ಇಂಡಿಯಾ ಬಿಕೇಮ್ ಫ್ರೀ ಇನ್ 1947. ನೆಕ್ಸ್ಟ್ ಇಯರ್ ಹೈದರಾಬಾದ್ ಜಾಯಿನ್ಡ್ ಇಂಡಿಯಾ.’
‘ದ ಎಕ್ಸಾಮ್ ಈಸ್ ಆನ್ ನೆಕ್ಸ್ಟ್ ಟು ನೆಕ್ಸ್ಟ್ ಮಂಡೇ.’

ತಿದ್ದಲಿಕ್ಕೆ ಬರ್ತದ, ಆದ್ರ ‘ಯಾಕ್ರಿ ಸರ್?’ ಅಂದಾಗ ತಲ್ಯಾಗ ಕೂಡೋ ಹಂಗ ಒಂದು ನಿಯಮ ಬೇಕು. ಸರ್ಕಾರಿ ಪತ್ರದಾಗ ಬರೋ ಸಬ್‌ಸೀಕ್ವೆಂಟ್, ದೇರ್‌ಆಫ್ಟರ್ ಇವನ್ನೂ ಸ್ವಲ್ಪ ಬಿಡಿಸಿ ಹೇಳ್ರಿ.

ತೊಗರಿಕಣಜ (ಕಲಬುರಗಿ):
ಇಂಗ್ಲಿಷ್ ನಿಯಮ ಆಮ್ಯಾಲ ಹೇಳ್ರಿ. ಮೊದಲು ಕನ್ನಡದಾಗೇ ಒಂದು ಪ್ರಶ್ನೆ ಕೇಳ್ರಿ: ‘ನಾಳಿ’ಗೂ ‘ಮರುದಿನ’ಕ್ಕೂ ಏನು ಫರಕು? ನಾಳಿ ಅಂದ್ರ ಈಗ ಮಾತಾಡೋ ದಿನದಿಂದ ಎಣಿಸೋದು. ಮರುದಿನ ಅಂದ್ರ ಕಥಿಯೊಳಗಿನ ದಿನದಿಂದ ಎಣಿಸೋದು. ‘ಶನಿವಾರ ಜಾತ್ರಿ ಮುಗೀತು, ನಾಳಿ ಅಂಗಡಿ ತೆಗೆದ್ರು’ ಅಂತ ಯಾವ ಹುಡುಗನೂ ಅನ್ನಂಗಿಲ್ಲ. ಅಂದ್ರ ಈ ನಿಯಮ ಅವನಿಗೆ ಆಗಲೇ ಗೊತ್ತದ, ಇಂಗ್ಲಿಷಿಗೆ ಹಚ್ಚೋದಷ್ಟೇ ಬಾಕಿ.

ಈಗಿನಿಂದ ಎಣಿಸಿದ್ರ: ಟುಮಾರೋ, ನೆಕ್ಸ್ಟ್ ವೀಕ್, ನೆಕ್ಸ್ಟ್ ಇಯರ್, ಇನ್ ಟೂ ಡೇಸ್.
ಆಗಿನಿಂದ ಎಣಿಸಿದ್ರ: ದ ನೆಕ್ಸ್ಟ್ ಡೇ, ದ ಫಾಲೋಯಿಂಗ್ ವೀಕ್, ದ ಫಾಲೋಯಿಂಗ್ ಇಯರ್, ಟೂ ಡೇಸ್ ಲೇಟರ್.

ನಿಮ್ಮ ಎರಡನೇ ವಾಕ್ಯದಾಗ ಇಡೀ ಜಗಳ ‘ದ’ ಅನ್ನೋ ಒಂದು ಅಕ್ಷರದ್ದು. ಅದಿಲ್ಲದ ‘ನೆಕ್ಸ್ಟ್ ಇಯರ್’ ಅಂದ್ರ ಬರೋ ವರ್ಷ. ಹೈದರಾಬಾದ್ ಸೇರಿದ್ದು 1948ರ ಸೆಪ್ಟೆಂಬರ್‌ನಾಗ, ಹಂಗಾಗಿ ‘ದ ಫಾಲೋಯಿಂಗ್ ಇಯರ್’ ಅಂತ ಬರೀಬೇಕು.

ಮೊದಲನೇದು ‘ಐ ವಿಲ್ ಕಮ್ ಇನ್ ಟೂ ಡೇಸ್’ ಆಗಬೇಕು. ಹುಡುಗರು ಇದಕ್ಕ ಅಂಜೋದು ಯಾಕಂದ್ರ ‘ಇನ್’ ಅಂದ್ರ ಒಳಗ ಅಂತ ಕಲಿತಿರ್ತಾರ, ಎರಡು ದಿನದ ಒಳಗ ಅಂತ ಆಗ್ತದೇನೋ ಅಂತ ಅನುಮಾನ. ಒಳಗ ಅನ್ನಲಿಕ್ಕೆ ಬ್ಯಾರೆ ಶಬ್ದ ಅದ, ‘ವಿದಿನ್’. ಆದ್ರ ‘ಆಫ್ಟರ್ ಟೂ ಡೇಸ್’ ಪೂರಾ ತಪ್ಪು ಅಂತ ಕೆಂಪು ಗೆರಿ ಎಳಿಬ್ಯಾಡ್ರಿ. ಆಗಿಹೋದ ಸಂಗತಿಗೆ ಅದು ಸರಿ: ‘ಹಿ ಕೇಮ್ ಬ್ಯಾಕ್ ಆಫ್ಟರ್ ಟೂ ಡೇಸ್.’ ‘ಆಫ್ಟರ್ ಟೂ ಡೇಸ್ ಲೇಟರ್’ ಅಂತ ಎರಡೂ ಹಾಕೋ ಚಟ ಮಾತ್ರ ಬಿಡಿಸ್ರಿ.

ಮೂರನೇದಕ್ಕ ‘ದ ಮಂಡೇ ಆಫ್ಟರ್ ನೆಕ್ಸ್ಟ್’. ‘ನೆಕ್ಸ್ಟ್’ ಹುಟ್ಟಿದ್ದೇ ಹತ್ತಿರ ಅನ್ನೋ ಅರ್ಥದ ಹಳೇ ಶಬ್ದದಿಂದ, ಮೂಲದಾಗ ‘ಎಲ್ಲಕ್ಕಿಂತ ಹತ್ತಿರದ್ದು’ ಅಂತ. ಅದಕ್ಕೇ ಪಕ್ಕದ ಮನಿಗೂ ‘ನೆಕ್ಸ್ಟ್ ಡೋರ್’ ಅಂತಾರ. ಎಲ್ಲಕ್ಕಿಂತ ಹತ್ತಿರದ್ದು ಎರಡು ಇರಲಿಕ್ಕೆ ಬರಂಗಿಲ್ಲಲ್ಲ.

(ಮನ್ಯಾಗ ದಖ್ನಿ ಮಾತಾಡೋ ಹುಡುಗರಿಗೆ ನಾಳಿ–ಮರುದಿನದ ಉದಾಹರಣೆ ಇನ್ನೂ ಉಪಯೋಗ. ಅಲ್ಲಿ ‘ಕಲ್’ ಅಂದ್ರ ನಿನ್ನೆನೂ ಹೌದು, ನಾಳೆನೂ ಹೌದು, ಕ್ರಿಯಾಪದ ನೋಡಿ ತಿಳ್ಕೋಬೇಕು. ಇಂಗ್ಲಿಷಿನಾಗ ಆ ಸವಲತ್ತು ಇಲ್ಲ.)

ಕುಸುರಿಕೆಲಸ (ಬೀದರ್):
ಮೇಲಿನದ್ದು ದಿನ, ವಾರಗಳಿಗೆ ಸರಿಯಾಗಿದೆ. ಕೆಲಸದ ಹಂತಗಳನ್ನು ವಿವರಿಸುವಾಗ ತೊಂದರೆ ಬೇರೆ. ಬಿದರಿ ಪಾತ್ರೆ ಮಾಡುವ ಕ್ರಮ ಬರೆಯಿರಿ ಎಂದರೆ ಹತ್ತು ವಾಕ್ಯಕ್ಕೆ ಹತ್ತು ‘ಆಫ್ಟರ್ ದಟ್’ ಬರುತ್ತದೆ. ಹೀಗೆ ಬರೆಸಿ ನೋಡಿ:

‘ಒನ್ಸ್ ದ ಕ್ಯಾಸ್ಟಿಂಗ್ ಹ್ಯಾಸ್ ಕೂಲ್ಡ್, ಇಟ್ ಈಸ್ ಫೈಲ್ಡ್ ಸ್ಮೂತ್. ಎ ಕೋಟ್ ಆಫ್ ಕಾಪರ್ ಸಲ್ಫೇಟ್, ಲೇಟರ್ ರಬ್ಡ್ ಆಫ್, ಡಾರ್ಕನ್ಸ್ ದ ಸರ್ಫೇಸ್ ಫಾರ್ ಎನ್‌ಗ್ರೇವಿಂಗ್. ಸಿಲ್ವರ್ ವೈರ್ ಈಸ್ ದೆನ್ ಹ್ಯಾಮರ್ಡ್ ಇನ್‌ಟು ದ ಗ್ರೂವ್ಸ್. ಫೈನಲಿ, ಎ ಪೇಸ್ಟ್ ಆಫ್ ಫೋರ್ಟ್ ಸಾಯಿಲ್ ಅಂಡ್ ಸಾಲ್ ಅಮೋನಿಯಾಕ್ ಟರ್ನ್ಸ್ ದ ಮೆಟಲ್ ಬ್ಲ್ಯಾಕ್.’

‘ಒನ್ಸ್’ ಬಂದದ್ದು ಎರಕ ಆರುವವರೆಗೆ ಅರ ಹಾಕುವಂತಿಲ್ಲ ಎಂಬುದಕ್ಕೆ, ಅಂದರೆ ಹಿಂದಿನದು ಮುಗಿಯಲೇಬೇಕು. ‘ಲೇಟರ್’ ಬಂದದ್ದು ಮೈಲುತುತ್ತದ ಕಪ್ಪು ತಾತ್ಕಾಲಿಕ, ಗೆರೆ ಕಾಣಲೆಂದು ಮಾತ್ರ ಹಚ್ಚುತ್ತಾರೆ ಎಂಬುದಕ್ಕೆ. ನಡುವೆ ಕೆತ್ತುವ ಮತ್ತು ಬೆಳ್ಳಿ ಕೂಡಿಸುವ ಕೆಲಸ ಆಗಿಯೇ ಅದನ್ನು ತೆಗೆಯುವುದು. ಅಲ್ಲಿ ‘ನೆಕ್ಸ್ಟ್’ ಬರೆದರೆ ಹಚ್ಚಿದ ಕೂಡಲೇ ಒರೆಸಿದರು ಎಂದಾಗಿ ಇಡೀ ಕ್ರಮವೇ ಕೆಡುತ್ತದೆ. ‘ದೆನ್’ ಸುಮ್ಮನೆ ಮುಂದಿನ ಹೆಜ್ಜೆ. ಅದನ್ನು ಬರೀ ಅಲ್ಪವಿರಾಮದ ಮುಂದೆ ಅಂಟಿಸಿ ಎರಡು ವಾಕ್ಯ ಕೂಡಿಸಬಾರದು, ‘ಅಂಡ್ ದೆನ್’ ಬೇಕು.

ಇನ್ನೆರಡು ತಪ್ಪು ಪದೇ ಪದೇ ಬರುತ್ತವೆ. ‘ಆಫ್ಟರ್ ದ ಬಸ್ ವಿಲ್ ಕಮ್’ ಎಂದು ಬರೆಯುತ್ತಾರೆ. ‘ಆಫ್ಟರ್’ ಇರುವ ತುಂಡಿನಲ್ಲಿ ‘ವಿಲ್’ ಬರುವುದಿಲ್ಲ, ‘ಆಫ್ಟರ್ ದ ಬಸ್ ಕಮ್ಸ್’. ಎರಡನೆಯದು ‘ಆಫ್ಟರ್ ಫೈಲಿಂಗ್ ದ ಪಾಟ್, ಸಿಲ್ವರ್ ವೈರ್ ಈಸ್ ಹ್ಯಾಮರ್ಡ್ ಇನ್’. ‘ಉಜ್ಜಿದ ಮೇಲೆ ತಂತಿ ಕೂಡಿಸುತ್ತಾರೆ’ ಎಂಬಲ್ಲಿ ಯಾರು ಉಜ್ಜಿದರು ಎಂದು ಕನ್ನಡ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ, ಮುಂದೆ ಬಂದ ಕರ್ತೃವನ್ನೇ ಹಿಡಿದುಕೊಳ್ಳುತ್ತದೆ. ಆಗ ಬೆಳ್ಳಿ ತಂತಿಯೇ ಪಾತ್ರೆ ಉಜ್ಜಿತು ಎಂದಾಯಿತು! ‘ಆಫ್ಟರ್ ದ ಪಾಟ್ ಈಸ್ ಫೈಲ್ಡ್’ ಎಂದರೆ ಮುಗಿಯಿತು.

ಟಪಾಲುಡಬ್ಬಿ (ಕಲಬುರಗಿ):
ಕಚೇರಿ ಪತ್ರದ ಶಬ್ದಗಳ ಬಗ್ಗೆ. ‘ಸಬ್‌ಸೀಕ್ವೆಂಟ್ಲಿ’ ಅಂದರೆ ಮುಂದೆ ಯಾವಾಗಲೋ, ಕೂಡಲೇ ಆಗಬೇಕಿಲ್ಲ. ಗುಲ್ಬರ್ಗಾ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರಿತು, ಯಾದಗಿರಿ 2009ರ ಡಿಸೆಂಬರಿನಲ್ಲಿ ಅದರಿಂದ ಬೇರೆಯಾಗಿ ಜಿಲ್ಲೆಯಾಯಿತು. ನಡುವೆ 53 ವರ್ಷ. ಇಲ್ಲಿ ‘ಸಬ್‌ಸೀಕ್ವೆಂಟ್ಲಿ’ ಸರಿ, ‘ನೆಕ್ಸ್ಟ್’ ಹೊಂದುವುದಿಲ್ಲ. ‘ಕಾನ್ಸಿಕ್ವೆಂಟ್ ಅಪಾನ್’ ಬೇರೆಯೇ: ‘ಕಾನ್ಸಿಕ್ವೆಂಟ್ ಅಪಾನ್ ಹಿಸ್ ಟ್ರಾನ್ಸ್‌ಫರ್’ ಅಂದರೆ ವರ್ಗಾವಣೆಯಾದ ಕಾರಣ. ಕಾರಣ ಇಲ್ಲದ ಕಡೆ ಇದನ್ನು ಬರೆದರೆ ಇಲ್ಲದ ಸಂಬಂಧ ಹುಟ್ಟುತ್ತದೆ.

‘ಹೆನ್ಸ್‌ಫೋರ್ತ್’ ಇನ್ನು ಮುಂದೆ, ‘ದೇರ್‌ಆಫ್ಟರ್’ ಅಂದಿನಿಂದ ಮುಂದೆ. ತೊಗರಿಕಣಜ ಎಳೆದ ಗೆರೆಯೇ ಇದು. ‘ಹೆನ್ಸ್ ಆಫ್ಟರ್’ ಎಂಬ ಶಬ್ದ ಇಲ್ಲ, ಅರ್ಜಿಗಳಲ್ಲಿ ಮಾತ್ರ ಇದೆ. ‘ಹಿಯರ್‌ಇನ್‌ಆಫ್ಟರ್’ ಕಾಲಕ್ಕಲ್ಲ, ಇದೇ ದಾಖಲೆಯ ಮುಂದಿನ ಸಾಲುಗಳಿಗೆ.

ತಾರೀಖಿನ ವಿಷಯದಲ್ಲಿ ಎಚ್ಚರ. ‘ಆಫ್ಟರ್ 10’ ಅಂದರೆ 10 ಸೇರಿಲ್ಲ, ಸೇರಬೇಕಾದರೆ ‘ಆನ್ ಆರ್ ಆಫ್ಟರ್’. ಕಾಯ್ದೆಗಳ ಭಾಷೆಯಲ್ಲಿ ‘ಫ್ರಮ್’ ಮೊದಲ ದಿನವನ್ನು ಬಿಡುತ್ತದೆ, ‘ಟು’ ಕೊನೆಯ ದಿನವನ್ನು ಸೇರಿಸುತ್ತದೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಕಲಂ ನೋಡಿ.

ಎಲ್ಲಕ್ಕಿಂತ ದೊಡ್ಡ ಹೊಂಡ ‘ಮುಂದೆ’. ನಮ್ಮಲ್ಲಿ ಸಭೆ ಮುಂದಕ್ಕೆ ಹಾಕಿದರು ಅಂದರೆ ತಡವಾಯಿತು, ಇಂಗ್ಲಿಷಿನಲ್ಲಿ ‘ಬ್ರಾಟ್ ಫಾರ್ವರ್ಡ್’ ಅಂದರೆ ಬೇಗ ಆಯಿತು. ಶಬ್ದಕ್ಕೆ ಶಬ್ದ ಇಟ್ಟರೆ ಅರ್ಥ ತಲೆಕೆಳಗು. ತಡಕ್ಕೆ ‘ಪೋಸ್ಟ್‌ಪೋನ್ಡ್’ ಬರೆಯಿರಿ. ಬೇಗಕ್ಕೆ ‘ಪ್ರಿಪೋನ್ಡ್’ ನಮ್ಮ ದೇಶದೊಳಗೆ ನಡೆಯುತ್ತದೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಭಾರತೀಯ ಬಳಕೆ ಎಂದೇ ಇದೆ.

ಭೀಮಾತೀರ (ಯಾದಗಿರಿ):
ಬಾಳ ಚಲೋ ಆತ್ರಿ. ಒಂದೇ ಉಳೀತು: ಬುಧವಾರ ಕುಂತು ‘ನೆಕ್ಸ್ಟ್ ಫ್ರೈಡೇ’ ಅಂದ್ರ ನಾಡದ ಶುಕ್ರವಾರನೋ, ಅದರಾಚಿ ಶುಕ್ರವಾರನೋ?

ತೊಗರಿಕಣಜ (ಕಲಬುರಗಿ):
ಇಂಗ್ಲೆಂಡಿನವರೇ ಇದರಾಗ ಎರಡು ಪಕ್ಷ ಅದಾರ್ರಿ. ಹೆಚ್ಚಿನವರು ಒಂಬತ್ತು ದಿನದ ಮುಂದಿನದ್ದು ಅಂತಾರ, ನಾಡದಕ್ಕ ‘ದಿಸ್ ಫ್ರೈಡೇ’ ಅಂತಾರ. ಉಳಿದವರಿಗೆ ಮೊದಲು ಬರೋದೇ ನೆಕ್ಸ್ಟ್. ಪರೀಕ್ಷೆದಾಗ ಇದನ್ನ ಕೇಳಂಗಿಲ್ಲ, ಪತ್ರದಾಗ ವಾರದ ಮುಂದ ತಾರೀಖು ಬರಸ್ರಿ.