ಪದಚರ್ಚೆ: ಟ್ಯೂನಾ ನಿಯಮಗಳ ‘ಕಂಪ್ಲೈಯನ್ಸ್’ – ಅನುಷ್ಠಾನವೇ, ಅನುಪಾಲನೆಯೇ?

ಪ್ರಶ್ನೆ

ಗೆಳೆಯರಿಗೆ ನಮಸ್ಕಾರ. ಹಿಂದೂ ಮಹಾಸಾಗರದ ಟ್ಯೂನಾ ಮೀನುಗಾರಿಕೆಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ನಿಯಮಗಳನ್ನು ಸದಸ್ಯ ದೇಶಗಳು ಎಷ್ಟರಮಟ್ಟಿಗೆ ಪಾಲಿಸುತ್ತಿವೆ ಎಂಬುದರ ಬಗ್ಗೆ ಮೀನುಗಾರರ ಸಹಕಾರ ಸಂಘಗಳಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ‘ಕಂಪ್ಲೈಯನ್ಸ್’ಗೆ ಕರಡಿನಲ್ಲಿ ಒಂದು ಕಡೆ ಅನುಷ್ಠಾನ, ಇನ್ನೊಂದು ಕಡೆ ಬದ್ಧತೆ ಎಂದಿದೆ. ‘ರೆಸಲ್ಯೂಷನ್’ಗೆ ನಿರ್ಣಯ, ‘ನಾಮಿನಲ್ ಕ್ಯಾಚ್’ಗೆ ನಾಮಮಾತ್ರ ಹಿಡಿತ ಎಂದು ಹಾಕಲಾಗಿದೆ. ಇವು ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ 1

ಬದ್ಧತೆಯನ್ನು ಮೊದಲು ಕೈಬಿಡಿ. ಅದು ಮನಸ್ಸಿನ ನಿರ್ಧಾರ. ಇಲ್ಲಿ ಅಳೆಯುವುದು ಕೆಲಸವನ್ನು. ಅನುಷ್ಠಾನವನ್ನು ಉಳಿಸಿಕೊಳ್ಳಿ, ಆದರೆ ‘ಇಂಪ್ಲಿಮೆಂಟೇಷನ್’ಗೆ ಮಾತ್ರ. ಆಯೋಗದ ಕಾಗದಪತ್ರಗಳಲ್ಲಿ ಇವೆರಡೂ ಬೇರೆ ಬೇರೆ. ಪ್ರತಿ ಸದಸ್ಯ ದೇಶವೂ ವಾರ್ಷಿಕ ಅಧಿವೇಶನಕ್ಕೆ 60 ದಿನ ಮೊದಲೇ ಅನುಷ್ಠಾನ ವರದಿ ಕಳಿಸಬೇಕು. ಯಾವ ನಿಯಮಕ್ಕೆ ತಾನು ಯಾವ ಕಾನೂನು ಮಾಡಿದೆ, ಯಾವ ಆದೇಶ ಹೊರಡಿಸಿದೆ ಎಂಬುದು ಅದರಲ್ಲಿರುತ್ತದೆ. ಆಮೇಲೆ ಆಯೋಗದ ಸಮಿತಿ ಒಂದೊಂದೇ ಬಾಬ್ತು ನೋಡಿ ಪಾಲಿಸಿದೆ, ಭಾಗಶಃ ಪಾಲಿಸಿದೆ, ಪಾಲಿಸಿಲ್ಲ ಎಂದು ಗುರುತು ಹಾಕುತ್ತದೆ. ಈ ಎರಡನೆಯದೇ ಕಂಪ್ಲೈಯನ್ಸ್. ನಮ್ಮ ಸರ್ಕಾರಿ ಕಚೇರಿಗಳಲ್ಲಿ ದಿನವೂ ಓಡಾಡುವ ‘ಅನುಪಾಲನಾ ವರದಿ’ ಇದಕ್ಕೆ ಹೇಳಿ ಮಾಡಿಸಿದ ಮಾತು. ಆದ್ದರಿಂದ ಅನುಪಾಲನೆ, ಅನುಪಾಲನಾ ಸಮಿತಿ ಎನ್ನಿ.

ವೀಕ್ಷಕರ, ಅಂದರೆ ಹಡಗಿನಲ್ಲೇ ಹೋಗಿ ಹಿಡಿದ ಮೀನನ್ನು ನೋಡಿ ದಾಖಲಿಸುವವರ, ನಿಯಮವನ್ನೇ ತೆಗೆದುಕೊಳ್ಳಿ. 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗುಗಳ ಮೀನುಗಾರಿಕೆಯಲ್ಲಿ ಕನಿಷ್ಠ 5 ಶೇಕಡಾ ಭಾಗ ವೀಕ್ಷಕರ ಕಣ್ಣೆದುರು ನಡೆಯಬೇಕು. ಅದಕ್ಕಿಂತ ಚಿಕ್ಕ ಬೋಟು ಸ್ವದೇಶದ ಆರ್ಥಿಕ ವಲಯ (ಮೀನುಗಾರಿಕೆಯ ಹಕ್ಕು ಆ ದೇಶಕ್ಕೇ ಇರುವ ಕಡಲು) ದಾಟಿ ಮೀನು ಹಿಡಿದರೆ ಅದಕ್ಕೂ ಇದು ಅನ್ವಯ. ಒಂದು ದೇಶ ಇದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದರೆ ಅನುಷ್ಠಾನದ ಒಂದು ಹೆಜ್ಜೆಯಾಯಿತು. ಬೋಟಿನಲ್ಲಿ ವೀಕ್ಷಕರೇ ಇರದಿದ್ದರೆ, ಅಥವಾ ಅವರು ಹೋಗಿ ಬಂದರೂ ವರದಿ ಆಯೋಗಕ್ಕೆ ತಲುಪದಿದ್ದರೆ, ಅನುಪಾಲನೆ ಆಗಲಿಲ್ಲ.

ಅಂಕಿಅಂಶದ ನಿಯಮದಲ್ಲಂತೂ ಹೆಚ್ಚು ದೇಶಗಳು ಎಡವುವುದು ಇಂಥಲ್ಲೇ. ಹಿಂದಿನ ವರ್ಷದ ಲೆಕ್ಕ ಜೂನ್ 30ರೊಳಗೆ ಹೋಗಬೇಕು. ಲಾಂಗ್‌ಲೈನ್ (ಸಾಲು ಗಾಳಗಳ ಉದ್ದನೆಯ ಹಗ್ಗ) ಹಡಗುಗಳಿಗೆ ಅದು ತಾತ್ಕಾಲಿಕ ಲೆಕ್ಕ, ಅಂತಿಮ ಲೆಕ್ಕಕ್ಕೆ ಡಿಸೆಂಬರ್ 30. ಒಟ್ಟು ತೂಕ ಕೊಟ್ಟರೆ ಸಾಲದು. ಜಾತಿವಾರು, ಬಲೆ-ಗಾಳವಾರು ಬಿಡಿಸಬೇಕು. ಲಾಂಗ್‌ಲೈನ್‌ನದು ಅಕ್ಷಾಂಶ-ರೇಖಾಂಶದ 5 ಡಿಗ್ರಿ ಚೌಕದಲ್ಲಿ, ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿಯುವ ಬಲೆ)ನದು 1 ಡಿಗ್ರಿ ಚೌಕದಲ್ಲಿ ತಿಂಗಳುವಾರು ಇರಬೇಕು. ಹಿಡಿದ ಪ್ರತಿ ಟನ್ನಿಗೆ ಕನಿಷ್ಠ ಒಂದು ಮೀನಿನ ಉದ್ದ ಅಳೆದಿರಬೇಕು. ದಕ್ಕೆಯಲ್ಲಿ ನಾಲ್ಕು ಜಾತಿಯನ್ನು ಒಂದೇ ರಾಶಿ ಹಾಕಿ ‘ಟ್ಯೂನಾ’ ಎಂದು ಬರೆದುಕೊಂಡರೆ ಮುಂದೆ ಯಾವ ಅಧಿಕಾರಿಯೂ ಅದನ್ನು ಬಿಡಿಸಲಾರ. ಫಾರಂ ಹೊತ್ತಿಗೆ ಸರಿಯಾಗಿ ಹೋದರೂ ‘ಭಾಗಶಃ’ ಎಂಬ ಗುರುತೇ ಬೀಳುತ್ತದೆ. ಕೈಪಿಡಿ ಓದುವ ಸಂಘಗಳಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇದು.

‘ನಿರ್ಣಯ’ ತಪ್ಪಲ್ಲ, ಆದರೆ ಸಾಲದು. ಗ್ರಾಮಸಭೆಯ ನಿರ್ಣಯದಂತೆ ಇದೂ ಒಂದು ಅಭಿಪ್ರಾಯ ಎಂದುಕೊಂಡುಬಿಡುತ್ತಾರೆ. ಇದು ಹಾಗಲ್ಲ. ಮೂರನೇ ಎರಡರಷ್ಟು ಬಹುಮತದಿಂದ ಅಂಗೀಕಾರವಾದರೆ ಸದಸ್ಯರೆಲ್ಲರಿಗೂ ಕಡ್ಡಾಯ. ಉದಾಹರಣೆಗೆ, ಎರಡೂವರೆ ಕಿಲೋಮೀಟರಿಗಿಂತ ಉದ್ದದ ತೇಲುಬಲೆಯ ನಿಷೇಧ 2022ರಿಂದ ಆಯೋಗದ ಇಡೀ ವ್ಯಾಪ್ತಿಗೆ ಅನ್ವಯವಾಗಿದೆ. ಮೊದಲ ಸಲ ಬಂದಲ್ಲಿ ‘ಕಡ್ಡಾಯ ನಿರ್ಣಯ’ ಎಂದು ಬರೆಯಿರಿ. ಕಡ್ಡಾಯವಲ್ಲದ್ದಕ್ಕೆ ‘ಶಿಫಾರಸು’ ಇದ್ದೇ ಇದೆ. ಆದರೆ ಕಡ್ಡಾಯ ನಿರ್ಣಯಕ್ಕೂ ಒಂದು ವಿನಾಯಿತಿ ಇದೆ: 120 ದಿನಗಳೊಳಗೆ ಆಕ್ಷೇಪ ಸಲ್ಲಿಸಿದ ದೇಶಕ್ಕೆ ಆ ನಿರ್ಣಯ ಅನ್ವಯಿಸುವುದಿಲ್ಲ. ಓಷಿಯಾನಿಕ್ ವೈಟ್‌ಟಿಪ್ ಶಾರ್ಕ್ ಕುರಿತ 2013ರ ನಿರ್ಣಯಕ್ಕೆ ಭಾರತ ಹೀಗೆಯೇ ಆಕ್ಷೇಪ ಸಲ್ಲಿಸಿತ್ತು. ಆದ್ದರಿಂದ ‘ಪಾಲಿಸಿಲ್ಲ’ ಮತ್ತು ‘ಅನ್ವಯಿಸುವುದಿಲ್ಲ’ ಎಂಬ ಎರಡನ್ನೂ ಕೈಪಿಡಿಯಲ್ಲಿ ಬೆರೆಸಬೇಡಿ. ಬೆರೆಸಿದರೆ ದೇಶದ ಮೇಲೆ ಇಲ್ಲದ ತಪ್ಪು ಹೊರಿಸಿದಂತಾಗುತ್ತದೆ.

ಉತ್ತರ 2

ಮೇಲಿನವರ ಮಾತಿಗೆ ಒಪ್ಪಿಗೆಯಿದೆ. ‘ನಾಮಮಾತ್ರ ಹಿಡಿತ’ವನ್ನು ದಯವಿಟ್ಟು ತೆಗೆದುಹಾಕಿ. ಓದಿದವರಿಗೆ ‘ಲೆಕ್ಕಕ್ಕೆ ಬಾರದಷ್ಟು ಕಡಿಮೆ’ ಎಂದೇ ಅರ್ಥವಾಗುತ್ತದೆ. ಹೇಳಬೇಕಾದದ್ದು ಅದಕ್ಕೆ ತೀರಾ ಉಲ್ಟಾ. ದಡಕ್ಕೆ ತಂದ ಮೀನನ್ನು ಇಡೀ ಮೀನಿನ ತೂಕಕ್ಕೆ ಪರಿವರ್ತಿಸಿದ ವರ್ಷದ ಒಟ್ಟು ಲೆಕ್ಕವದು. ಕಿವಿರು, ಕರುಳು ತೆಗೆದು ಮಂಜುಗಡ್ಡೆಯಲ್ಲಿಟ್ಟು ತಂದ ಯೆಲ್ಲೋಫಿನ್ ಟ್ಯೂನಾದ ತೂಕವನ್ನು ಹಾಗೆಯೇ ಬರೆದರೆ ದೇಶದ ಲೆಕ್ಕ ಆ ಮಟ್ಟಿಗೆ ಕಡಿಮೆಯಾಗುತ್ತದೆ. ‘ಇಡೀ ಮೀನಿನ ತೂಕದ ಲೆಕ್ಕ’ ಎಂದರೆ ಸಾಕು. ಕಡಲಿಗೆ ಮರಳಿ ಎಸೆದದ್ದನ್ನು ಬೇರೆ ಕಾಲಂನಲ್ಲಿ ತೋರಿಸಬೇಕು.

ಇನ್ನೊಂದು. ಕರಡಿನಲ್ಲಿ ಬರೇ ‘ಟ್ಯೂನಾ’ ಎಂದಿದ್ದರೆ ನಮ್ಮ ಕರಾವಳಿಯವರು ಗೆದರೆ, ಕೇದರ ಎಂದಷ್ಟೇ ತಿಳಿದಾರು. ಆಯೋಗದ ಪಟ್ಟಿಯಲ್ಲಿರುವುದು 16 ಜಾತಿ. ಮಾರ್ಲಿನ್, ಕತ್ತಿಮೀನು ಮಾತ್ರವಲ್ಲ, ನಮ್ಮ ಅಂಜಲ್ ಕೂಡ ಅದರಲ್ಲಿದೆ. ಮಲ್ಪೆಯಲ್ಲೋ ಮಂಗಳೂರಿನಲ್ಲೋ ಇಳಿದ ಅಂಜಲ್‌ನ ಲೆಕ್ಕವೂ ಭಾರತದ ಅನುಪಾಲನೆಯ ಭಾಗವೇ. ‘ಟ್ಯೂನಾ ಮತ್ತು ಅದರ ಬಳಗದ ಮೀನುಗಳು’ ಎಂದು ಬರೆದು, 16ರ ಪಟ್ಟಿಯನ್ನು ಊರಿನ ಹೆಸರುಗಳ ಸಮೇತ ಮೊದಲ ಪುಟದಲ್ಲೇ ಕೊಡಿ.