ಟೈಮ್‌ಸ್ಟ್ಯಾಂಪ್ ಬರೆದಿದ್ದೇನೆ, ಚಾಪ್ಟರ್ ಯಾಕೆ ಬರುತ್ತಿಲ್ಲ?

ಗಣಿತ ಶಿಕ್ಷಕಿ: ನಮಸ್ಕಾರ ಸರ್. ನಾನು ಪಾಠದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ವರ್ಗ ಸಮೀಕರಣದ 48 ನಿಮಿಷದ ಪಾಠವೊಂದಕ್ಕೆ ಡಿಸ್ಕ್ರಿಪ್ಷನ್‌ನಲ್ಲಿ ಟೈಮ್‌ಸ್ಟ್ಯಾಂಪ್ ಬರೆದೆ. ಯಾವ ವಿಷಯ ಎಷ್ಟು ಹೊತ್ತಿಗೆ ಬರುತ್ತದೆ ಎಂದು ತೋರಿಸುವ ಆ ಸಮಯಗಳಲ್ಲಿ ಒಂದೂ ನೀಲಿಯಾಗಲಿಲ್ಲ, ವಿಡಿಯೊ ಕೆಳಗಿನ ಪಟ್ಟಿಯೂ ಚಾಪ್ಟರುಗಳಾಗಿ ತುಂಡು ತುಂಡಾಗಿ ಕಾಣುತ್ತಿಲ್ಲ. ಬರೆದದ್ದು ಹೀಗೆ:

0ಃ40 ಪೀಠಿಕೆ
6ಃ15 ಭಾಗ 1
21ಃ30 ಭಾಗ 2

ಎಲ್ಲಿ ತಪ್ಪಿದ್ದೇನೆ?

ಎಡಿಟರ್: ಮೇಡಂ, ಆ ಸಾಲುಗಳನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಅಂಕಿಗಳ ನಡುವೆ ಕೂತಿರುವುದು ಕೋಲನ್ (:) ಅಲ್ಲ, ವಿಸರ್ಗ! ‘ದುಃಖ’ದಲ್ಲಿ ಬರುತ್ತದಲ್ಲ, ಅದೇ. ನಿಮ್ಮ ದುಃಖಕ್ಕೂ ಅದೇ ಕಾರಣ. ಕನ್ನಡ ಕೀಬೋರ್ಡಿನಲ್ಲೇ ಟೈಪ್ ಮಾಡುತ್ತಾ ಹೋದರೆ ಹೀಗಾಗುವುದುಂಟು. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 6.15 ಎಂದು ಚುಕ್ಕಿ ಇಡುವವರೂ ಇದ್ದಾರೆ, ಅದೂ ನಡೆಯುವುದಿಲ್ಲ.

ಕೋಲನ್ ಹಾಕಿದರೆ ನೀಲಿಯಾಗುತ್ತದೆ, ಒತ್ತಿದರೆ ಆ ಜಾಗಕ್ಕೆ ಹೋಗುತ್ತದೆ. ಚಾಪ್ಟರ್ ಮಾತ್ರ ಆಗಲೂ ಬರುವುದಿಲ್ಲ, ಏಕೆಂದರೆ ನಿಮ್ಮ ಸಾಲುಗಳು 0:40ರಿಂದ ಶುರುವಾಗಿವೆ. ಮೊದಲ ಸಾಲು 0:00 ಆಗಿರಲೇಬೇಕು. ಕನಿಷ್ಠ ಮೂರು ಸಾಲು ಬೇಕು, ಸಮಯ ಏರುತ್ತಾ ಹೋಗಬೇಕು, ಪ್ರತಿ ಚಾಪ್ಟರಿಗೂ ಕನಿಷ್ಠ 10 ಸೆಕೆಂಡು ಇರಬೇಕು. ಗಂಟೆ ದಾಟಿದ ವಿಡಿಯೊ ಆದರೆ 1:02:30 ಎಂದು ಬರೆಯಿರಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ‘ಭಾಗ 1’, ‘ಭಾಗ 2’ ಎಂಬ ಹೆಸರುಗಳಿಂದ ಯಾರಿಗೂ ಉಪಯೋಗವಿಲ್ಲ. ಟೈಮ್‌ಸ್ಟ್ಯಾಂಪನ್ನು ಹೆಚ್ಚಾಗಿ ಬಳಸುವುದು ಮೊದಲ ಸಲ ನೋಡುವವರಲ್ಲ, ಒಮ್ಮೆ ನೋಡಿ ಹೋಗಿ ಪರೀಕ್ಷೆಯ ಹಿಂದಿನ ರಾತ್ರಿ ‘ಆ ಶೋಧಕದ ಲೆಕ್ಕ ಎಲ್ಲಿತ್ತು’ ಎಂದು ಹುಡುಕಿಕೊಂಡು ಬರುವ ಹುಡುಗಿ. ಅವಳ ತಲೆಯಲ್ಲಿ ‘ಭಾಗ 2’ ಎಂಬ ಮಾತೇ ಇರುವುದಿಲ್ಲ. ಅವಳ ಬಾಯಲ್ಲಿ ಬರುವ ಪದವನ್ನೇ ಬರೆಯಿರಿ:

0:00 ಈ ಪಾಠದಲ್ಲಿ ಏನಿದೆ
6:15 ಸೂತ್ರ ಬಂದದ್ದು ಹೇಗೆ
21:30 ಶೋಧಕ: ಲೆಕ್ಕ ಬಿಡಿಸದೆ ಮೂಲಗಳ ಸ್ವಭಾವ ಹೇಳುವುದು

ಮುಖ್ಯ ಪದ ಮೊದಲು ಬರಲಿ. ಫೋನಿನ ಪರದೆಯಲ್ಲಿ ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ.

ಗಣಿತ ಶಿಕ್ಷಕಿ: ಅಯ್ಯೋ, ವಿಸರ್ಗ! ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಸರ್, ಸಮಯವನ್ನು ನಾನು ಎಡಿಟಿಂಗ್ ಮಾಡುವಾಗಲೇ ನೋಡಿ ಬರೆದುಕೊಳ್ಳುತ್ತೇನೆ. ಒತ್ತಿದರೆ ಕೆಲವು ಕಡೆ ಮಾತಿನ ನಡುವೆ ಹೋಗಿ ಬೀಳುತ್ತದೆ. ಯಾಕೆ?

ಎಡಿಟರ್: ಎರಡು ಕಾರಣ ಇರಬಹುದು. ಒಂದು, ಬರೆದುಕೊಂಡ ಮೇಲೆ ಎಲ್ಲೋ ಒಂದು ಕೆಮ್ಮನ್ನೋ ತಡವರಿಕೆಯನ್ನೋ ಕತ್ತರಿಸಿರುತ್ತೀರಿ. ಅಲ್ಲಿಂದ ಮುಂದಿನದೆಲ್ಲ ಅಷ್ಟು ಸೆಕೆಂಡು ಹಿಂದೆ ಸರಿಯುತ್ತದೆ. ಹಾಗಾಗಿ ಎಡಿಟಿಂಗ್ ಪೂರ್ತಿ ಮುಗಿದು ಫೈಲ್ ಹೊರಬಂದ ಮೇಲೆ, ಆ ಫೈಲನ್ನೇ ಓಡಿಸಿ ಸಮಯ ಬರೆದುಕೊಳ್ಳಿ. ನಾನು ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶಗಳೆರಡರಲ್ಲೂ ಎಂ ಕೀ ಒತ್ತಿ ಗುರುತು ಹಾಕುತ್ತಾ ಹೋಗುತ್ತೇನೆ, ಆದರೆ ಅದು ಜಾಗ ನೆನಪಿಗೆ ಮಾತ್ರ. ಅಲ್ಲಿ ಕಾಣುವ ಸಂಖ್ಯೆಯನ್ನು ಹಾಗೇ ಎತ್ತಿ ಡಿಸ್ಕ್ರಿಪ್ಷನ್‌ಗೆ ಹಾಕಬೇಡಿ. 00:06:15:12 ಎಂದಿದ್ದರೆ ಕೊನೆಯ 12 ಸೆಕೆಂಡಲ್ಲ, ಫ್ರೇಮು, ಅಂದರೆ ಸೆಕೆಂಡಿನೊಳಗಿನ ಬಿಡಿ ಚಿತ್ರಗಳ ಎಣಿಕೆ. ರಿಸಾಲ್ವ್‌ನಲ್ಲಂತೂ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಶುರುವಾಗುತ್ತದೆ. ಇದು ತಿಳಿಯದೆ ಹಿಂದೆ 20 ನಿಮಿಷದ ವಿಡಿಯೊಗೆ ನಾನೇ ಎಲ್ಲ ಸಾಲನ್ನೂ ಒಂದು ಗಂಟೆ ಮುಂದಿಟ್ಟು ಕಳಿಸಿದ್ದೆ. ಗಿರಾಕಿ ಫೋನ್ ಮಾಡಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಎರಡನೆಯದು, ವಿಷಯ ಶುರುವಾದ ಕ್ಷಣವನ್ನೇ ಹಿಡಿಯಲು ಹೋಗುತ್ತೀರಿ. ಒಂದೆರಡು ಸೆಕೆಂಡು ಮೊದಲೇ ಇಡಿ. ನೀವು ಉಸಿರೆಳೆದುಕೊಂಡು ‘ಈಗ ಶೋಧಕ ಅಂದರೇನು ನೋಡೋಣ’ ಎನ್ನುವ ವಾಕ್ಯ ಪೂರ್ತಿ ಕೇಳಿಸಬೇಕು. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವಾಗ ಜೆ ಒತ್ತಿದರೆ 10 ಸೆಕೆಂಡು ಹಿಂದೆ, ಎಲ್ ಒತ್ತಿದರೆ 10 ಸೆಕೆಂಡು ಮುಂದೆ ಹೋಗುತ್ತದೆ. ಬೆರಳಲ್ಲಿ ಪಟ್ಟಿ ಎಳೆದಾಡುವುದಕ್ಕಿಂತ ಇದು ವಾಸಿ.

ಎಷ್ಟು ಸಾಲು ಬೇಕೆಂಬುದಕ್ಕೆ ನಿಯಮವಿಲ್ಲ. 48 ನಿಮಿಷಕ್ಕೆ ನಾನಾದರೆ ಎಂಟು ಹತ್ತು ಇಡುತ್ತೇನೆ. ಆದರೆ ಬಿಡಿಸಿದ ಲೆಕ್ಕಗಳಿದ್ದರೆ ಒಂದೊಂದಕ್ಕೂ ಒಂದೊಂದು ಸಾಲು ಕೊಡಿ. ಜಿಪುಣತನ ಮಾಡಬಾರದ ಜಾಗ ಅದು.

ಸಂದರ್ಶನ ಚಾನೆಲ್‌ನವರು: ನಡುವೆ ಬಾಯಿ ಹಾಕುತ್ತಿದ್ದೇನೆ ಸರ್. ಟೈಮ್‌ಸ್ಟ್ಯಾಂಪ್ ಕೊಟ್ಟರೆ ಜನ ಹಾರಿಸಿಕೊಂಡು ನೋಡುತ್ತಾರೆ, ವಾಚ್ ಟೈಮ್ (ಜನ ನೋಡಿದ ಒಟ್ಟು ಸಮಯ) ಬೀಳುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ.

ಎಡಿಟರ್: ಹಾರಿಸುವವರು ಹೇಗಿದ್ದರೂ ಹಾರಿಸುತ್ತಾರೆ. ಟೈಮ್‌ಸ್ಟ್ಯಾಂಪ್ ಇಲ್ಲದಿದ್ದರೆ ಕುರುಡಾಗಿ ಎಳೆಯುತ್ತಾರೆ, ಬೇಕಾದ್ದು ಸಿಗದಿದ್ದರೆ ಎದ್ದು ಹೋಗುತ್ತಾರೆ. ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ರಿಟೆನ್ಷನ್ ಗ್ರಾಫ್ ತೆರೆದು ನೋಡಿ, ಯಾವ ಜಾಗವನ್ನು ಎಷ್ಟು ಜನ ನೋಡಿದರು ಎಂಬ ಗೆರೆ ಅದು. ಗೆರೆ ಎಲ್ಲಿ ಉಬ್ಬಿದೆಯೋ ಆ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ, ಅಥವಾ ನೇರ ಅಲ್ಲಿಗೇ ಬರುತ್ತಿದ್ದಾರೆ. ಎಲ್ಲಿ ತಗ್ಗಿದೆಯೋ ಅದನ್ನು ದಾಟಿಸಿ ಹೋಗುತ್ತಿದ್ದಾರೆ, ಇಲ್ಲವೇ ಅಲ್ಲೇ ಬಿಟ್ಟು ಹೋಗುತ್ತಿದ್ದಾರೆ. ಎಲ್ಲರೂ ಮೊದಲ ಮೂರು ನಿಮಿಷ ಹಾರಿಸುತ್ತಿದ್ದರೆ ತಪ್ಪು ಟೈಮ್‌ಸ್ಟ್ಯಾಂಪಿನದಲ್ಲ, ಮೂರು ನಿಮಿಷದ ಸ್ವಾಗತ ಭಾಷಣದ್ದು. ಉಬ್ಬಿದ ಜಾಗಕ್ಕೆ ನೀವು ಹೆಸರೇ ಕೊಟ್ಟಿಲ್ಲವಾದರೆ ಅಲ್ಲೊಂದು ಸಾಲು ಸೇರಿಸಿ. ಡಿಸ್ಕ್ರಿಪ್ಷನ್ ಯಾವಾಗ ಬೇಕಾದರೂ ತಿದ್ದಬಹುದಲ್ಲ.

ನಿಮ್ಮಂಥ ಸಂದರ್ಶನಗಳಲ್ಲಿ ಪ್ರಶ್ನೆಯನ್ನೇ ಹೆಸರಾಗಿ ಇಟ್ಟರೆ ಚೆನ್ನ. ಉತ್ತರವನ್ನು ಇಡಬೇಡಿ. ಕುತೂಹಲದ ಮೇಲೆ ನಿಂತ ಕಥೆಯಾದರೆ ಇನ್ನೂ ಹುಷಾರು. ‘52:10 ಕಳ್ಳ ಅಣ್ಣನೇ’ ಎಂದು ಬರೆದರೆ ಮುಗಿಯಿತು.

ಒಬ್ಬ ನೋಡುಗ: ನಾನು ಬೇರೆಯವರ ವಿಡಿಯೊಗೆ ಕಾಮೆಂಟಿನಲ್ಲಿ ಪೂರ್ತಿ ಪಟ್ಟಿ ಬರೆದೆ. ಅವರು ಪಿನ್ ಕೂಡ ಮಾಡಿದರು. ಚಾಪ್ಟರ್ ಬರಲಿಲ್ಲ. ಇನ್ನೊಂದು ಪ್ರಶ್ನೆ, ಗೆಳೆಯನಿಗೆ ವಿಡಿಯೊದ ನಡುವಿನ ಜಾಗಕ್ಕೇ ಲಿಂಕ್ ಕಳಿಸುವುದು ಹೇಗೆ?

ಎಡಿಟರ್: ಕಾಮೆಂಟಿನಲ್ಲಿ ಬರೆದದ್ದು ಒತ್ತಲು ಬರುತ್ತದೆ, ಚಾಪ್ಟರ್ ಆಗುವುದಿಲ್ಲ. ಅದನ್ನೇ ಡಿಸ್ಕ್ರಿಪ್ಷನ್‌ಗೆ ಹಾಕಿ ಎಂದು ಚಾನೆಲ್‌ನವರನ್ನು ಕೇಳಿಕೊಳ್ಳಿ.

ಲಿಂಕಿಗೆ: ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಕೆಳಗೆ ‘ಸ್ಟಾರ್ಟ್ ಅಟ್’ ಎಂಬ ಚೌಕ ಇರುತ್ತದೆ, ಟಿಕ್ ಮಾಡಿ ಸಮಯ ಕೊಡಿ. ಹಾಗೆ ಸಿಕ್ಕ ಲಿಂಕಿನ ಕೊನೆಯಲ್ಲಿ ‘ಟಿ’ ಅಕ್ಷರ, ಸಮ ಚಿಹ್ನೆ, ಸೆಕೆಂಡುಗಳ ಲೆಕ್ಕ ಸೇರಿರುತ್ತದೆ. 6:15 ಅಂದರೆ 375. ಇದನ್ನು ಕೈಯಲ್ಲೇ ಸೇರಿಸಬಹುದು. ವಿಡಿಯೊವನ್ನು ನಿಮ್ಮ ವೆಬ್‌ಸೈಟಿನೊಳಗೆ ಕೂರಿಸುವಾಗ ಮಾತ್ರ ‘ಟಿ’ ಬದಲು ‘ಸ್ಟಾರ್ಟ್’ ಎಂಬ ಇಂಗ್ಲಿಷ್ ಪದ ಬಳಸಬೇಕು.

ಸಂದರ್ಶನ ಚಾನೆಲ್‌ನವರು: ಕೊನೆಯ ಪ್ರಶ್ನೆ. ಲೈವ್ ಮುಗಿದ ಮೇಲೆ ಟೈಮ್‌ಸ್ಟ್ಯಾಂಪ್ ಹಾಕಿದೆ. ಆಮೇಲೆ ಶುರುವಿನ ‘ಕೇಳಿಸ್ತಾ ಇದೆಯಾ’ ಭಾಗವನ್ನು ಸ್ಟುಡಿಯೊದಲ್ಲಿ ಕತ್ತರಿಸಿದೆ, 3 ನಿಮಿಷ 20 ಸೆಕೆಂಡು. ಎಲ್ಲ ತಾರುಮಾರು.

ಎಡಿಟರ್: ಮೊದಲು ಕತ್ತರಿ, ಆಮೇಲೆ ಟೈಮ್‌ಸ್ಟ್ಯಾಂಪ್. ಈಗ 0:00 ಬಿಟ್ಟು ಉಳಿದ ಪ್ರತಿ ಸಾಲಿನಿಂದಲೂ 3:20 ಕಳೆಯಿರಿ. 6:15 ಇದ್ದದ್ದು 2:55 ಆಗುತ್ತದೆ. ಹಳೆಯ ಕಾಮೆಂಟುಗಳಲ್ಲಿ ನೋಡುಗರು ಬರೆದ ಸಮಯಗಳು ತಾವಾಗಿ ಸರಿಹೋಗುವುದಿಲ್ಲ. ‘ಶುರುವಿನ 3:20 ತೆಗೆದಿದ್ದೇವೆ’ ಎಂದು ಒಂದು ಕಾಮೆಂಟ್ ಪಿನ್ ಮಾಡಿಬಿಡಿ.

ಗಣಿತ ಶಿಕ್ಷಕಿ: ಸರ್, ಕೋಲನ್ ಹಾಕಿದೆ, 0:00 ಹಾಕಿದೆ, ಹೆಸರು ಬದಲಿಸಿದೆ. ಎಲ್ಲ ನೀಲಿಯಾಗಿದೆ. ವಿಡಿಯೊ ಕೆಳಗಿನ ಪಟ್ಟಿ ಮಾತ್ರ ಇನ್ನೂ ತುಂಡಾಗದೆ ಹಾಗೇ ಇದೆ! ಕೊನೆಯ ಸಾಲುಗಳು ಇವು:

44:55 ಮನೆಗೆಲಸದ ಲೆಕ್ಕಗಳು
45:02 ಮುಂದಿನ ಪಾಠ ಯಾವುದು

ಎಡಿಟರ್: ಎರಡರ ನಡುವೆ 7 ಸೆಕೆಂಡು ಮೇಡಂ. ಒಂದು ಸಾಲು ತೆಗೆದು ಸೇವ್ ಮಾಡಿ ನೋಡಿ.

ಗಣಿತ ಶಿಕ್ಷಕಿ: ಬಂತು! ಗಣಿತದವಳಾಗಿ ಕಳೆಯುವ ಲೆಕ್ಕದಲ್ಲೇ ಸಿಕ್ಕಿಬಿದ್ದೆ.