ಪದಚರ್ಚೆ: ‘ಹೆವಿ’ ರಾಕ್‌ಗೆ ಭಾರವೋ, ಗಟ್ಟಿಯೋ?

ಬಲ್ಲವರಲ್ಲಿ ಒಂದು ಕೇಳಿಕೆ.

ಸ್ಯಾನ್ ಫ್ರಾನ್ಸಿಸ್ಕೋದ ಬ್ಲೂ ಚಿಯರ್ ಎಂಬ ರಾಕ್ ತಂಡದ ಬಗ್ಗೆ ಪರಿಚಯ ಲೇಖನ ಬರೆಯುತ್ತಿದ್ದೇನೆ. ತಂಡದ ಹೆಸರು ಒಂದು ಬಗೆಯ ಎಲ್‌ಎಸ್‌ಡಿಯಿಂದ (ಭ್ರಮೆ ಹುಟ್ಟಿಸುವ ಮಾದಕವಸ್ತು) ಬಂದದ್ದು, ಹಾಗಾಗಿ ಅಂಥ ನಶೆಯ ಅನುಭವವನ್ನು ಸೂಚಿಸುವ ‘ಸೈಕೆಡೆಲಿಕ್’ ಅನ್ನು ಹಾಗೆಯೇ ಇಟ್ಟುಕೊಂಡೆ. ತೊಡಕಿರುವುದು ಇವರ ಅಬ್ಬರದ ರಾಕ್‌ಗೆ ಇಂಗ್ಲಿಷಿನಲ್ಲಿ ಹೇಳುವ ‘ಹೆವಿ’ (heavy) ಪದವನ್ನು ಕನ್ನಡಕ್ಕೆ ತರುವುದರಲ್ಲಿ.

‘ಭಾರ’ ಒಗ್ಗುತ್ತಿಲ್ಲ. ದನಿ ಭಾರವಾಯಿತು ಎಂದರೆ ಅಳು ಒತ್ತಿಕೊಂಡು ಬಂತು ಎಂದೇ ನಮ್ಮ ಕಿವಿಗೆ ಬೀಳುತ್ತದೆ. ಇವರ ಸಂಗೀತ ಹಾಗಿಲ್ಲ. 1968ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ ‘ವಿನ್ಸೆಬಸ್ ಇರಪ್ಟಮ್’ನ ‘ಸಮರ್‌ಟೈಮ್ ಬ್ಲೂಸ್’ ಕೇಳಿ. 1958ರಲ್ಲಿ ಎಡ್ಡಿ ಕಾಕ್ರನ್ ಹಾಡಿದ್ದಾಗ ಅದು ಚಪ್ಪಾಳೆ ಹಾಕಿಕೊಂಡು ಹೋಗುವ ಹಾಡು. ಹುಡುಗನ ಗೋಳಿಗೆ ಯಜಮಾನ, ಅಪ್ಪ ಮುಂತಾದವರು ದಪ್ಪ ದನಿಯಲ್ಲಿ ಉತ್ತರ ಕೊಡುತ್ತಿದ್ದರು. ಬ್ಲೂ ಚಿಯರ್‌ನವರು ಆ ಉತ್ತರಗಳನ್ನೇ ಕಿತ್ತುಹಾಕಿ ಆ ಜಾಗಗಳಲ್ಲಿ ವಾದ್ಯ ನುಡಿಸಿದರು. ಲೀ ಸ್ಟೀಫನ್ಸ್ ಗಿಟಾರಿನ ಒಡಕು ದನಿ, ಪಾಲ್ ವೇಲಿಯ ಡ್ರಮ್ಸ್, ಡಿಕಿ ಪೀಟರ್ಸನ್‌ನ ಬೇಸ್ ಒಟ್ಟಿಗೆ ಎದೆಗೇ ಗುದ್ದುತ್ತವೆ. ಅಷ್ಟಾದರೂ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ಅದೇ ವರ್ಷದ ಎರಡನೆಯ ಆಲ್ಬಮ್ಮಿನ ಒಂದಿಷ್ಟು ಭಾಗವನ್ನು ಬಯಲಲ್ಲೇ ನಿಂತು ಧ್ವನಿಮುದ್ರಿಸಿದರು. ಹೆಸರೂ ‘ಔಟ್‌ಸೈಡ್‌ಇನ್‌ಸೈಡ್’.

ಇದಕ್ಕೆ ‘ಗಟ್ಟಿ’ಯೇ ಸರಿ ಎನಿಸುತ್ತದೆ. ಗಟ್ಟಿಯಾಗಿ ಕೂಗು ಎಂದಾಗಿನ ಜೋರೂ ಗಟ್ಟಿ ಗೋಡೆ ಎಂದಾಗಿನ ದೃಢತೆಯೂ ಅದೊಂದರಲ್ಲೇ ಇವೆ. ಆದರೆ ‘ಗಟ್ಟಿ ಸಾಹಿತ್ಯ’ ಎಂದು ಹೊಗಳುವ ರೂಢಿಯೂ ನಮ್ಮಲ್ಲಿದೆಯಲ್ಲ! ‘ಗಟ್ಟಿ ರಾಕ್’ ಎಂದು ಬರೆದರೆ ಓದುಗರು ಸತ್ವವುಳ್ಳ ರಾಕ್ ಎಂದುಕೊಂಡಾರು. ‘ಗಡುಸು’ ಅಂದರೆ ‘ಹಾರ್ಡ್ ರಾಕ್’ ಎಂಬ ಇನ್ನೊಂದು ಪ್ರಕಾರದ ಕಡೆಗೆ ಜಾರುತ್ತದೆ.

ಇನ್ನೊಂದು ತೊಂದರೆ. ಸ್ಟೀಫನ್ಸ್ ತಂಡ ಬಿಟ್ಟ ಮೇಲೆ, 1969ರಿಂದ ಬಂದ ಆಲ್ಬಮ್‌ಗಳಲ್ಲಿ ಅಬ್ಬರ ತಗ್ಗುತ್ತಾ ಹೋಯಿತು. 70ರ ದಶಕದ ಮೊದಲಲ್ಲಿ ತಂಡ ಚದುರಿತು, ಮತ್ತೆ ಮತ್ತೆ ಕೂಡಿತು, 2009ರಲ್ಲಿ ಪೀಟರ್ಸನ್ ತೀರಿಕೊಳ್ಳುವುದರೊಂದಿಗೆ ಮುಗಿಯಿತು. ಪ್ರಕಾರದ ಹೆಸರನ್ನೇ ‘ಗಟ್ಟಿ ರಾಕ್’ ಮಾಡಿದರೆ ಆ ಮೆದು ಹಾಡುಗಳನ್ನು ಎಲ್ಲಿ ಸೇರಿಸಲಿ?

ಸದ್ಯಕ್ಕೆ ಪ್ರಕಾರಕ್ಕೆ ‘ಹೆವಿ’, ನಾದದ ವರ್ಣನೆಗೆ ‘ಗಟ್ಟಿ’ ಎಂದು ಬಳಸುತ್ತಿದ್ದೇನೆ. ಡೊಳ್ಳು, ತಮಟೆ ಬಾರಿಸುವವರು ಹೀಗೆ ಮೈಗೆ ತಾಕುವ ಸದ್ದಿಗೆ ಏನನ್ನುತ್ತಾರೆ? ನಿಮ್ಮ ಸೀಮೆಯ ಮಾತಿದ್ದರೆ ದಯವಿಟ್ಟು ತಿಳಿಸಿ.